ಬೇರುಗಂಟಿನ ಚರಿತ್ರೆಯಲ್ಲಿ ಅಪವಾದದ ಸ್ಥಾನ

೧

ಒಂದು ಶೋಧದ ಚರಿತ್ರೆಯನ್ನು ಬರೆಯಹೊರಟವನ ಮುಂದೆ ಎರಡು ಬಗೆಯ ಸಾಮಗ್ರಿ ಇರುತ್ತದೆ. ನಿಯಮಕ್ಕೆ ಹೊಂದುವ ಸಂಗತಿಗಳು ಒಂದು ಬಗೆ; ಹೊಂದದೆ ಉಳಿದವು ಇನ್ನೊಂದು. ಮೊದಲನೆಯವನ್ನು ಕಾಲಕ್ರಮದಲ್ಲಿ ಪೋಣಿಸಿದರೆ ಓದಲು ಹಿತವಾದ ಕಥನ ಸಿದ್ಧವಾಗುತ್ತದೆ. ಎರಡನೆಯವನ್ನು ಪ್ರಯೋಗದ ದೋಷವೆಂದು ಕೈಬಿಡುವುದು, ಇಲ್ಲವೆ ಅಡಿಟಿಪ್ಪಣಿಗೆ ತಳ್ಳುವುದು ರೂಢಿಯಾಗಿ ಬಂದಿದೆ. ದ್ವಿದಳ ಸಸ್ಯಗಳ ಬೇರುಗಂಟುಗಳನ್ನು ಕುರಿತ ಶೋಧದ ಚರಿತ್ರೆ ನಮ್ಮ ಪಠ್ಯಪುಸ್ತಕಗಳಲ್ಲಿ ಪಡೆದಿರುವ ರೂಪವೂ ಇಂಥದೇ. ಆ ರೂಪವನ್ನು ವಿಮರ್ಶೆಗೆ ಒಳಪಡಿಸಿ, ಅದರಲ್ಲಿ ಕಾಣೆಯಾಗಿರುವ ಒಂದು ಎಳೆಯನ್ನು ಗುರುತಿಸುವುದು ಈ ಲೇಖನದ ಉದ್ದೇಶ. ಲೇಖಕನು ಚರಿತ್ರೆಯ ಅಧ್ಯಾಪಕನೇ ಹೊರತು ಸಸ್ಯಶಾಸ್ತ್ರಜ್ಞನಲ್ಲ. ಆದುದರಿಂದ ಇಲ್ಲಿ ಪರೀಕ್ಷೆಗೆ ಒಳಗಾಗಿರುವುದು ಪ್ರಯೋಗಗಳಿಗಿಂತ ಹೆಚ್ಚಾಗಿ, ಆ ಪ್ರಯೋಗಗಳನ್ನು ಕುರಿತು ಹೇಳಿಕೊಂಡು ಬಂದಿರುವ ಕಥನ.

ವಿಷಯದ ಹಿನ್ನೆಲೆಯನ್ನು ಮೊದಲು ಸಂಗ್ರಹವಾಗಿ ಹೇಳುವುದು ಅವಶ್ಯ. ಅವರೆ, ತೊಗರಿ, ಕಡಲೆ, ಹುರುಳಿ ಮೊದಲಾದ ಗಿಡಗಳನ್ನು ಮೆಲ್ಲಗೆ ಕಿತ್ತು ನೋಡಿದರೆ ಬೇರುಗಳಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ರೈಜೋಬಿಯಂ ಎಂಬ ವರ್ಗದ ಬ್ಯಾಕ್ಟೀರಿಯಗಳು ಈ ಗಂಟುಗಳ ಒಳಗೆ ವಾಸಿಸಿ, ಗಾಳಿಯಲ್ಲಿರುವ ಸಾರಜನಕವನ್ನು ಅಮೋನಿಯವಾಗಿ ಮಾರ್ಪಡಿಸಿ ಸಸ್ಯಕ್ಕೆ ಒದಗಿಸುತ್ತವೆ. ಪ್ರತಿಯಾಗಿ ಸಸ್ಯವು ತಾನು ಬಿಸಿಲಿನಲ್ಲಿ ತಯಾರಿಸಿದ ಆಹಾರದ ಒಂದು ಪಾಲನ್ನು ಅವುಗಳಿಗೆ ಕೊಡುತ್ತದೆ. ಈ ಬ್ಯಾಕ್ಟೀರಿಯಗಳು ಬೀಜದೊಳಗೆ ವಂಶಪಾರಂಪರ್ಯವಾಗಿ ಬರುವುದಿಲ್ಲ. ಪ್ರತಿಯೊಂದು ಸಸಿಯೂ ತನ್ನ ಸಂಗಾತಿಯನ್ನು ಮಣ್ಣಿನಿಂದ ಹೊಸದಾಗಿ ಪಡೆಯಬೇಕು. ಬೇರು ಕೆಲವು ರಾಸಾಯನಿಕ ವಸ್ತುಗಳನ್ನು ಹೊರಸೂಸುತ್ತದೆ. ಅವನ್ನು ಗುರುತಿಸಿದ ಬ್ಯಾಕ್ಟೀರಿಯ ತನ್ನದೇ ಆದ ಒಂದು ಸಂಕೇತವಸ್ತುವನ್ನು ತಯಾರಿಸುತ್ತದೆ. 'ನಾಡ್ ಅಂಶ' ಎಂದು ಕರೆಯಲ್ಪಡುವ ಈ ವಸ್ತುವಿನ ರಚನೆ ೧೯೯೦ರಲ್ಲಿ ಸ್ಪಷ್ಟವಾಯಿತು. ಬೇರು ಅದನ್ನು ಗುರುತಿಸಿದರೆ ಬೇರುಗೂದಲು ಸುರುಳಿಯಾಗಿ ಬ್ಯಾಕ್ಟೀರಿಯವನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಒಳಗೆ ಗಂಟು ಬೆಳೆಯತೊಡಗುತ್ತದೆ. ಅಂದ ಮೇಲೆ ಗಂಟು ಎಂಬುದು ಇಬ್ಬರ ಸಮ್ಮತಿಯಿಂದ ಆಗುವ ಕಾರ್ಯ. ಇಬ್ಬರಲ್ಲಿ ಯಾರೊಬ್ಬರ ಸ್ವಭಾವ ಬದಲಾದರೂ ಫಲ ಬದಲಾಗುತ್ತದೆ. ಈ ಸರಳ ಸಂಗತಿಯನ್ನು ಚರಿತ್ರೆಕಾರರು ಅರ್ಧ ಮಾತ್ರ ಹೇಳಿದ್ದಾರೆಂಬುದೇ ನಮ್ಮ ಆಕ್ಷೇಪಣೆ.

೨

ರೂಢಿಯ ಕಥನ ಹೀಗಿದೆ. ಫ್ರಾನ್ಸಿನ ಬೂಸೆಂಗೋ ಎಂಬ ರಸಾಯನಶಾಸ್ತ್ರಜ್ಞನು ೧೮೩೮ರಲ್ಲಿ, ಕ್ಲೋವರ್ ಎಂಬ ಮೇವಿನ ಗಿಡವೂ ಬಟಾಣಿಯೂ ಬೆಳೆಯುತ್ತ ಸಾರಜನಕವನ್ನು ಗಳಿಸುತ್ತವೆಂದೂ, ಗೋಧಿ ಮತ್ತು ಓಟ್ಸ್ ಗಳಿಸುವುದಿಲ್ಲವೆಂದೂ ತೋರಿಸಿದನು. ಆದರೆ ಆತನೇ ೧೮೫೦ರ ದಶಕದಲ್ಲಿ ಹೆಚ್ಚು ಕಟ್ಟುನಿಟ್ಟಾದ ಪ್ರಯೋಗಗಳನ್ನು ನಡೆಸಿದಾಗ ಆ ಗಳಿಕೆ ಕಾಣಲಿಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಲಾಸ್, ಗಿಲ್ಬರ್ಟ್ ಮತ್ತು ಪ್ಯೂ ಎಂಬ ಮೂವರು ಮಣ್ಣನ್ನು ಸುಟ್ಟು ಶುದ್ಧಿಗೊಳಿಸಿ, ಗಾಜಿನ ಪಾತ್ರೆಗಳಲ್ಲಿ ಶೋಧಿಸಿದ ಗಾಳಿಯನ್ನು ಹಾಯಿಸಿ ಗಿಡಗಳನ್ನು ಬೆಳೆಸಿದರು. ಸಸ್ಯಗಳು ಗಾಳಿಯ ಸಾರಜನಕವನ್ನು ಬಳಸಲಾರವೆಂಬ ಅವರ ತೀರ್ಮಾನ ೧೮೬೧ರಲ್ಲಿ ಪ್ರಕಟವಾಯಿತು. ಕೊನೆಗೆ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ೧೮೮೬ರಲ್ಲಿ ಗಂಟುಗಳ ಒಳಗಿನ ಜೀವಿಗಳೇ ಇದಕ್ಕೆ ಕಾರಣವೆಂದು ಸಾರಿದರು. ೧೮೮೮ರಲ್ಲಿ ಹಾಲೆಂಡಿನ ಬೈಯರಿಂಕ್ ಆ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಬೆಳೆಸಿದನು. ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ.

ಈ ಕಥನದಲ್ಲಿ ಸುಳ್ಳೇನೂ ಇಲ್ಲ. ಆದರೆ ಅದರ ನಿರೂಪಣೆಯಲ್ಲಿ ಎರಡು ಸಂಗತಿಗಳು ಮಸುಕಾಗಿವೆ. ಮೊದಲನೆಯದು, ರಾಥಮ್‌ಸ್ಟೆಡ್‌ನ ಪ್ರಯೋಗ ಸೋತದ್ದು ಅಜಾಗರೂಕತೆಯಿಂದಲ್ಲ, ಅತಿ ಜಾಗರೂಕತೆಯಿಂದ. ಮಣ್ಣನ್ನು ಸುಟ್ಟಾಗ ಯಾವ ಜೀವಿಯಿಂದ ಫಲ ಬರಬೇಕಾಗಿತ್ತೋ ಅದೇ ಸುಟ್ಟುಹೋಯಿತು. ಎರಡನೆಯದು ಇದಕ್ಕಿಂತ ಮುಖ್ಯವಾದುದು. ಹೆಲ್‌ರೀಗೆಲ್‌ನಿಗೆ ಸುಳಿವು ದೊರೆತದ್ದು ಕ್ರಮಬದ್ಧವಾದ ಫಲಿತಾಂಶದಿಂದಲ್ಲ. ಸಾರಜನಕವಿಲ್ಲದ ಮರಳಿನ ಕುಂಡಗಳಲ್ಲಿ ಓಟ್ಸ್ ಮತ್ತು ಬಾರ್ಲಿಯ ಬೆಳವಣಿಗೆ, ಹಾಕಿದ ನೈಟ್ರೇಟಿನ ಪ್ರಮಾಣವನ್ನು ಅನುಸರಿಸಿತು. ಬಟಾಣಿಯಾದರೋ ಯಾವ ಪ್ರಮಾಣವನ್ನೂ ಅನುಸರಿಸಲಿಲ್ಲ. ಅದೇ ಮರಳಿನಲ್ಲಿ ಕೆಲವು ಗಿಡಗಳು ಬೀಜದ ಸತ್ತ್ವ ಮುಗಿದೊಡನೆ ಸೊರಗಿದವು. ಕೆಲವು ಸ್ವಲ್ಪ ಕಾಲ ಸೊರಗಿ ಮತ್ತೆ ಚೇತರಿಸಿಕೊಂಡು ಸೊಂಪಾಗಿ ಬೆಳೆದವು. ಬೇರೊಬ್ಬನಾಗಿದ್ದರೆ ಸರಾಸರಿಯನ್ನು ಲೆಕ್ಕಹಾಕಿ ಈ ಏರುಪೇರನ್ನು ಮರೆತುಬಿಡುತ್ತಿದ್ದನು. ಆತನು ಸೊಂಪಾದ ಗಿಡದ ಬೇರನ್ನೂ ಸೊರಗಿದ ಗಿಡದ ಬೇರನ್ನೂ ಹೋಲಿಸಿ ನೋಡಿದನು. ಒಂದರಲ್ಲಿ ಗಂಟುಗಳಿದ್ದವು, ಇನ್ನೊಂದರಲ್ಲಿ ಇರಲಿಲ್ಲ. ಶೋಧದ ಮೂಲ ಇರುವುದು ಈ ಹೋಲಿಕೆಯಲ್ಲಿ.

ಆದರೆ ಇಲ್ಲಿಯೇ ಮುಂದಿನ ಮರೆವಿನ ಬೀಜವೂ ಬಿದ್ದಿತು. ಹೆಲ್‌ರೀಗೆಲ್‌ನ ಕುಂಡಗಳಲ್ಲಿ ಗಿಡಗಿಡಗಳ ನಡುವಣ ಭೇದಕ್ಕೆ ಕಾರಣ, ಬ್ಯಾಕ್ಟೀರಿಯ ಕೆಲವು ಕುಂಡಗಳನ್ನು ಆಕಸ್ಮಿಕವಾಗಿ ಸೇರಿದ್ದುದು, ಕೆಲವನ್ನು ಸೇರದೆ ಇದ್ದುದು. ಆ ವಿವರಣೆ ಅಲ್ಲಿಗೆ ಸರಿಯೇ. ಅದು ಯಶಸ್ವಿಯಾದ ಕಾರಣ, ಮುಂದೆ ಎಲ್ಲಿ ಗಂಟು ಮೂಡದಿದ್ದರೂ ತಪ್ಪನ್ನು ಬ್ಯಾಕ್ಟೀರಿಯದ ಮೇಲೆ ಹೊರಿಸುವ ಅಭ್ಯಾಸ ಬೆಳೆಯಿತು. ಸಸ್ಯವು ಕೇವಲ ಪಾತ್ರೆಯಾಯಿತು; ಕರ್ತೃತ್ವವೆಲ್ಲ ಬ್ಯಾಕ್ಟೀರಿಯದ ಪಾಲಾಯಿತು. ೧೮೯೬ರಲ್ಲಿ ನೋಬೆ ಮತ್ತು ಹಿಲ್ಟ್‌ನರ್ ಶುದ್ಧವಾಗಿ ಬೆಳೆಸಿದ ಬ್ಯಾಕ್ಟೀರಿಯವನ್ನು 'ನೈಟ್ರಾಜಿನ್' ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದ ಮೇಲೆ ಈ ದೃಷ್ಟಿಗೆ ವ್ಯಾಪಾರದ ಬೆಂಬಲವೂ ಒದಗಿತು. ಬೀಜಕ್ಕೆ ಬ್ಯಾಕ್ಟೀರಿಯವನ್ನು ಹಚ್ಚಿದರೆ ಉಳಿದುದೆಲ್ಲ ತಾನಾಗಿ ನಡೆಯುವುದೆಂಬ ನಂಬಿಕೆ ಅದರ ಹಿಂದೆ ಇತ್ತು.

೩

ಕಾಲಗಣನೆಯ ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ರಷ್ಯದ ವೊರೋನಿನ್ ಎಂಬ ವಿದ್ವಾಂಸನು ಲ್ಯೂಪಿನ್ ಗಿಡದ ಗಂಟುಗಳಲ್ಲಿ ಬ್ಯಾಕ್ಟೀರಿಯದಂಥ ಕಾಯಗಳಿವೆಯೆಂದು ಪ್ರಕಟಿಸಿದ್ದು ೧೮೬೬ರಲ್ಲಿ. ಮೆಂಡೆಲ್ ತನ್ನ ಬಟಾಣಿಯ ಸಂಕರ ಪ್ರಯೋಗಗಳನ್ನು ಪ್ರಕಟಿಸಿದ್ದೂ ಅದೇ ೧೮೬೬ರಲ್ಲಿ. ಇಬ್ಬರೂ ಕೈಯಲ್ಲಿ ಹಿಡಿದದ್ದು ದ್ವಿದಳ ಸಸ್ಯವನ್ನೇ. ಒಬ್ಬನು ನೆಲದ ಕೆಳಗಿನ ಬೇರನ್ನು ನೋಡಿದನು. ಇನ್ನೊಬ್ಬನು ನೆಲದ ಮೇಲಿನ ಹೂವನ್ನೂ ಕಾಯಿಯನ್ನೂ ಬೀಜವನ್ನೂ ನೋಡಿದನು. ಬೀಜದ ಬಣ್ಣ, ಕಾಯಿಯ ಆಕಾರಗಳು ತಲೆಮಾರಿನಿಂದ ತಲೆಮಾರಿಗೆ ಒಂದು ಕ್ರಮದಲ್ಲಿ ಇಳಿದುಬರುವಂತೆ, ಗಂಟು ಕಟ್ಟುವ ಗುಣವೂ ಇಳಿದುಬರಬಹುದೇ ಎಂಬ ಪ್ರಶ್ನೆಯನ್ನು ಪ್ರಯೋಗದ ಮೂಲಕ ಸಮರ್ಪಕವಾಗಿ ಕೇಳಲು ಮತ್ತೆ ಎಂಬತ್ತು ವರ್ಷಗಳು ಬೇಕಾದವು.

ಈ ವಿಳಂಬಕ್ಕೆ ಕಾರಣವೇನು? ವರ್ಗೀಕರಣದ ಮೋಹ ಒಂದು ಕಾರಣವೆಂದು ಹೇಳಬೇಕಾಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ದ್ವಿದಳ ಸಸ್ಯಗಳನ್ನು, ಯಾವ ಬ್ಯಾಕ್ಟೀರಿಯ ಯಾವ ಸಸ್ಯಗಳಲ್ಲಿ ಗಂಟು ಕಟ್ಟುತ್ತದೆಂಬುದನ್ನು ಅನುಸರಿಸಿ ಗುಂಪುಗಳಾಗಿ ವಿಂಗಡಿಸಲಾಯಿತು. ಬಟಾಣಿಯ ಗುಂಪು, ಕ್ಲೋವರಿನ ಗುಂಪು, ಲ್ಯೂಪಿನ್ನಿನ ಗುಂಪು, ಅಲಸಂದೆಯ ಗುಂಪು ಎಂದು ಮುಂತಾಗಿ. ವಿಸ್ಕಾನ್ಸಿನ್ನಿನ ಫ್ರೆಡ್, ಬಾಲ್ಡ್‌ವಿನ್ ಮತ್ತು ಮೆಕಾಯ್ ೧೯೩೨ರಲ್ಲಿ ಪ್ರಕಟಿಸಿದ ಮಹಾಗ್ರಂಥ ಈ ಕಾಲದ ಜ್ಞಾನವನ್ನೆಲ್ಲ ಒಂದೆಡೆ ಸೇರಿಸಿತು. ಪಾಂಡಿತ್ಯದಲ್ಲಿ ಅದು ಇಂದಿಗೂ ಗೌರವಕ್ಕೆ ಪಾತ್ರವಾದುದು. ಆದರೆ ಗುಂಪಿನ ಕಲ್ಪನೆಯಲ್ಲಿ ಸಸ್ಯಜಾತಿ ಒಂದು ಅಖಂಡ ಘಟಕವೆಂಬ ಭಾವನೆ ಅಡಗಿದೆ. 'ಬಟಾಣಿ ಗಂಟು ಕಟ್ಟುತ್ತದೆ' ಎಂದಾಗ ಯಾವ ಬಟಾಣಿ, ಯಾವ ದೇಶದ ತಳಿ, ಯಾವ ಗಿಡ ಎಂಬ ಪ್ರಶ್ನೆ ಏಳುವುದಿಲ್ಲ. ಗುಂಪನ್ನು ಮೀರಿ ನಡೆದ ಸಸ್ಯಗಳ ಸಂಖ್ಯೆ ಬೆಳೆಯುತ್ತಲೇ ಹೋಯಿತು. ಜೆ. ಕೆ. ವಿಲ್ಸನ್ ಎಂಬ ಅಮೆರಿಕದ ವಿದ್ವಾಂಸನು ೧೯೪೪ರಲ್ಲಿ, ಈ ಗುಂಪುಗಳನ್ನು ಕೈಬಿಡಲು ಐನೂರಕ್ಕೂ ಹೆಚ್ಚು ಕಾರಣಗಳಿವೆಯೆಂದು ಶೀರ್ಷಿಕೆಯಲ್ಲಿಯೇ ಸಾರಿದ ಪ್ರಬಂಧವನ್ನು ಬರೆದನು. ಶೀರ್ಷಿಕೆಯ ಹರಿತ ಹೆಚ್ಚಾಯಿತೆಂದು ಯಾರಾದರೂ ಅನ್ನಬಹುದು. ಆದರೆ ಅಪವಾದಗಳನ್ನು ಎಣಿಸಿ ಇಡುವ ತಾಳ್ಮೆಯನ್ನು ಆತನು ತೋರಿದನೆಂಬುದು ಮುಖ್ಯ.

೪

ನಿಜವಾದ ತಿರುವು ರಾಥಮ್‌ಸ್ಟೆಡ್‌ನಲ್ಲಿಯೇ ಬಂದಿತು. ಫಿಲಿಪ್ ನಟ್‌ಮನ್ ಎಂಬ ವಿಜ್ಞಾನಿ ಕೆಂಪು ಕ್ಲೋವರಿನ ಸಸಿಗಳನ್ನು ಒಂದೊಂದಾಗಿ ಬೆಳೆಸಿ, ಅವುಗಳಿಗೆಲ್ಲ ಬ್ಯಾಕ್ಟೀರಿಯವನ್ನು ಒದಗಿಸಿ ಪರೀಕ್ಷಿಸಿದನು. ಬ್ಯಾಕ್ಟೀರಿಯದ ಅಭಾವ ಎಂಬ ಹಳೆಯ ವಿವರಣೆಗೆ ಅಲ್ಲಿ ಅವಕಾಶವಿರಲಿಲ್ಲ. ಆದರೂ ಕೆಲವು ಗಿಡಗಳಲ್ಲಿ ಗಂಟು ಮೂಡಲಿಲ್ಲ. ಆತನು ಆ ಗಿಡಗಳನ್ನು ಎಸೆಯದೆ ಉಳಿಸಿ, ಸಂಕರ ಮಾಡಿ, ಸಂತತಿಯನ್ನು ಪರೀಕ್ಷಿಸಿದನು. ಗಂಟನ್ನು ನಿರಾಕರಿಸುವ ಗುಣ ಮೆಂಡೆಲ್ಲನ ಕ್ರಮದಲ್ಲಿ ಒಂದು ದುರ್ಬಲ ವಂಶವಾಹಿಯಿಂದ ಬರುತ್ತದೆಂದೂ, ಅದು ಪ್ರಕಟವಾಗಬೇಕಾದರೆ ತಾಯಿಯ ಕಡೆಯಿಂದ ಕೋಶರಸದ ಮೂಲಕ ಬರುವ ಇನ್ನೊಂದು ಅಂಶವೂ ಬೇಕೆಂದೂ ೧೯೪೯ರಲ್ಲಿ ತೋರಿಸಿದನು. ಗಂಟುಗಳು ಮೂಡಿದರೂ ಸಾರಜನಕ ಒದಗದ ಗಿಡಗಳನ್ನೂ ಆತನು ಮುಂದೆ ವಂಶೀಯವಾಗಿ ವಿಶ್ಲೇಷಿಸಿದನು. ಇದರಿಂದ ಗಂಟು ಕಟ್ಟುವುದು ಬೇರೆ, ಕಟ್ಟಿದ ಗಂಟು ಕೆಲಸಮಾಡುವುದು ಬೇರೆ, ಎರಡರಲ್ಲಿಯೂ ಸಸ್ಯದ ಸ್ವಭಾವಕ್ಕೆ ಪಾತ್ರವಿದೆ ಎಂಬುದು ಸಿದ್ಧವಾಯಿತು. ಸಸ್ಯವು ಪಾತ್ರೆಯಲ್ಲ, ಒಪ್ಪಂದದ ಪಕ್ಷಗಾರನೆಂಬುದು ಇಲ್ಲಿಂದ ಸ್ಪಷ್ಟ.

ಅಫ್ಘಾನಿಸ್ತಾನದ ಬಟಾಣಿಯ ಪ್ರಕರಣ ಇನ್ನೂ ಬೋಧಪ್ರದವಾದುದು. ಆ ದೇಶದಿಂದ ಬಂದ ಕೆಲವು ಬಟಾಣಿ ತಳಿಗಳು ಯೂರೋಪಿನ ಮಣ್ಣಿನಲ್ಲಿ ಗಂಟು ಕಟ್ಟುವುದಿಲ್ಲವೆಂಬುದನ್ನು ಸೋವಿಯತ್ ಸಂಶೋಧಕರು ಎರಡನೆಯ ಮಹಾಯುದ್ಧಕ್ಕೆ ಮುಂಚೆಯೇ ಗಮನಿಸಿದ್ದರು. ಹಾಲೆಂಡಿನ ವಾಗೆನಿಂಗೆನ್ನಿನಲ್ಲಿ ಲೀ ಎಂಬ ಸಂಶೋಧಕನು ೧೯೭೦ರ ದಶಕದಲ್ಲಿ ಈ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡನು. ಪಶ್ಚಿಮ ಏಷ್ಯದ ಮಣ್ಣಿನ ಬ್ಯಾಕ್ಟೀರಿಯವನ್ನು ಕೊಟ್ಟಾಗ ಅದೇ ಬಟಾಣಿ ಚೆನ್ನಾಗಿ ಗಂಟು ಕಟ್ಟಿತು. ತುರ್ಕಿಯಿಂದ ತಂದ 'ಟಾಮ್' ಎಂಬ ಬ್ಯಾಕ್ಟೀರಿಯ ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಬಟಾಣಿಯ ಕಡೆ 'ಸಿಮ್ ೨' ಎಂಬ ವಂಶವಾಹಿ, ಬ್ಯಾಕ್ಟೀರಿಯದ ಕಡೆ 'ನಾಡ್ ಎಕ್ಸ್' ಎಂಬ ವಂಶವಾಹಿ, ಇವೆರಡೂ ಬೀಗ ಮತ್ತು ಬೀಗದ ಕೈಯಂತೆ ಹೊಂದುತ್ತವೆಂದು ಮುಂದೆ ತಿಳಿಯಿತು. 'ನಾಡ್ ಎಕ್ಸ್' ಇರುವ ಬ್ಯಾಕ್ಟೀರಿಯ ತನ್ನ ಸಂಕೇತವಸ್ತುವಿಗೆ ಒಂದು ಸಣ್ಣ ರಾಸಾಯನಿಕ ತುಣುಕನ್ನು ಹೆಚ್ಚಾಗಿ ಸೇರಿಸುತ್ತದೆ. ಅಫ್ಘಾನ್ ಬಟಾಣಿ ಆ ತುಣುಕಿಲ್ಲದ ಸಂಕೇತಕ್ಕೆ ಓಗೊಡುವುದಿಲ್ಲ.

ಈ ಪ್ರಕರಣದ ವಿದ್ವತ್ ಬರೆವಣಿಗೆಯಲ್ಲಿ ಈ ಬಟಾಣಿಯನ್ನು 'ನಿರೋಧಕ' ಎಂದು ಕರೆದಿರುವುದು ಚರಿತ್ರೆಯ ವಿದ್ಯಾರ್ಥಿಯ ಗಮನಕ್ಕೆ ಬಾರದೆ ಇರದು. ನಿರೋಧಕವೆಂಬುದು ಯೂರೋಪಿನ ಬ್ಯಾಕ್ಟೀರಿಯವನ್ನು ಅಳತೆಗೋಲಾಗಿ ಇಟ್ಟುಕೊಂಡಾಗ ಮಾತ್ರ ಸಲ್ಲುವ ಮಾತು. ತನ್ನ ಸೀಮೆಯ ಬ್ಯಾಕ್ಟೀರಿಯದೊಡನೆ ಅದು ನಿರೋಧಕವೂ ಅಲ್ಲ, ಬಂಜೆಯೂ ಅಲ್ಲ. ನಿಯಮ ಯಾವುದು, ಅಪವಾದ ಯಾವುದು ಎಂಬ ನಿರ್ಣಯ, ಪ್ರಯೋಗಶಾಲೆ ಯಾವ ಊರಿನಲ್ಲಿದೆ ಎಂಬುದನ್ನು ಅವಲಂಬಿಸಿದ್ದಿತು. ರಾಜ್ಯದ ಗಡಿಯಾಚೆಗಿನವರನ್ನೆಲ್ಲ ಒಂದೇ ಹೆಸರಿನಿಂದ ಕರೆದ ಹಳೆಯ ಆಸ್ಥಾನ ಚರಿತ್ರೆಗಳನ್ನು ಓದಿರುವವರಿಗೆ ಈ ಬಗೆಯ ದೃಷ್ಟಿ ಹೊಸದಲ್ಲ.

೫

ಅಪವಾದವನ್ನು ಉಳಿಸಿಕೊಂಡುದರಿಂದ ಆದ ಪ್ರಯೋಜನಕ್ಕೆ ಇನ್ನೂ ಕೆಲವು ನಿದರ್ಶನಗಳುಂಟು. ೧೯೫೪ರಲ್ಲಿ ಅಮೆರಿಕದ ವಿಲಿಯಮ್ಸ್ ಮತ್ತು ಲಿಂಚ್, ಗಂಟು ಕಟ್ಟದ ಸೋಯಾ ಅವರೆಯ ಗುಣ ಒಂದು ದುರ್ಬಲ ವಂಶವಾಹಿಯಿಂದ ಬರುವುದೆಂದು ವರದಿ ಮಾಡಿದರು. ನಾಡ್ ಅಂಶವನ್ನು ಗುರುತಿಸುವ ಗ್ರಾಹಕವೇ ಈ ಗಿಡದಲ್ಲಿ ಕೆಟ್ಟಿದೆಯೆಂಬುದು ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ನಂತರ ತಿಳಿಯಿತು. ಆ ತನಕ ಆ ಗಿಡ ನಿರುಪಯೋಗಿಯಾಗಿರಲಿಲ್ಲ. ಗಂಟು ಕಟ್ಟುವ ಗಿಡ ಗಾಳಿಯಿಂದ ಎಷ್ಟು ಸಾರಜನಕ ಪಡೆಯಿತೆಂದು ಲೆಕ್ಕಹಾಕಲು, ಎಲ್ಲ ವಿಧದಲ್ಲಿಯೂ ಅದನ್ನು ಹೋಲುವ, ಆದರೆ ಗಂಟಿಲ್ಲದ ಗಿಡವೊಂದು ಪಕ್ಕದಲ್ಲಿ ಬೇಕು. ಹೀಗೆ ದೋಷವೆಂದು ಎಣಿಸಬಹುದಾಗಿದ್ದ ಗಿಡವೇ ಅಳತೆಗೋಲಾಯಿತು. ಹೈದರಾಬಾದಿನ ಸಮೀಪದ ಪಟಾನ್‌ಚೆರುವಿನಲ್ಲಿ ೧೯೭೨ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಬೆಳೆ ಸಂಶೋಧನ ಸಂಸ್ಥೆಯಲ್ಲಿ ಕಡಲೆಕಾಯಿಯ ಸಂಕರ ಸಂತತಿಗಳಲ್ಲಿಯೂ ಗಂಟಿಲ್ಲದ ಗಿಡಗಳು ಕಂಡುಬಂದವು. ಅಲ್ಲಿಯ ರೂಪೇಲ ಅವರು ಕಡಲೆಯಲ್ಲಿ ಇಂಥ ಗಿಡಗಳು ಸಹಜವಾಗಿಯೇ ಹುಟ್ಟುತ್ತವೆಂಬುದನ್ನು ೧೯೯೨ರಲ್ಲಿ ಪ್ರಕಟಿಸಿದರು. ಒಂದೇ ಹೆಸರಿನ ತಳಿಯೊಳಗೆ ಹೆಚ್ಚು ಗಂಟು ಕಟ್ಟುವ ಗಿಡಗಳೂ ಕಡಮೆ ಕಟ್ಟುವ ಗಿಡಗಳೂ ಇದ್ದು, ಅವನ್ನು ಬೇರ್ಪಡಿಸಿ ಬೆಳೆಸಬಹುದೆಂದೂ ತಿಳಿಯಿತು. ಜಾತಿ ಮಾತ್ರವಲ್ಲ, ತಳಿಯೂ ಅಖಂಡ ಘಟಕವಲ್ಲ.

ಇತ್ತೀಚಿನ ಕಥನವೂ ಹಳೆಯ ದೋಷದಿಂದ ಪೂರ್ತಿ ಬಿಡುಗಡೆ ಹೊಂದಿಲ್ಲ. ಈ ಶತಮಾನದ ಆರಂಭದಲ್ಲಿ, ಮುಖ್ಯವಾಗಿ ೨೦೦೨ ಮತ್ತು ೨೦೦೩ರಲ್ಲಿ, ಗಂಟು ಕಟ್ಟಲು ಅಗತ್ಯವಾದ ಗ್ರಾಹಕಗಳ ವಂಶವಾಹಿಗಳು ಒಂದರ ಮೇಲೊಂದು ಪತ್ತೆಯಾದವು. ಇವುಗಳಲ್ಲಿ ಬಹಳಷ್ಟು, ಬೀಜಗಳನ್ನು ರಾಸಾಯನಿಕಗಳಿಂದಲೋ ಬೇರೆ ಉಪಾಯದಿಂದಲೋ ಕೆಡಿಸಿ ಪಡೆದ ಕೃತಕ ವಿಕೃತಿಗಳ ಮೂಲಕ ಸಿದ್ಧಿಸಿದ ಶೋಧಗಳು. ಅವುಗಳ ಮಹತ್ತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಯಂತ್ರದ ಒಂದೊಂದೇ ಕೀಲನ್ನು ಕಿತ್ತು ಅದು ನಿಲ್ಲುವುದೇ ಎಂದು ನೋಡುವ ಈ ವಿಧಾನದಿಂದ, ಯಾವ ಕೀಲು ಅನಿವಾರ್ಯವೆಂಬುದು ತಿಳಿಯುತ್ತದೆ. ಹೊಲದಲ್ಲಿ ಬದುಕಿ ಬಾಳುತ್ತಿರುವ ಗಿಡಗಳು ಪರಸ್ಪರ ಯಾವ ವಿಷಯದಲ್ಲಿ ಭಿನ್ನವಾಗಿವೆ ಎಂಬುದು ತಿಳಿಯುವುದಿಲ್ಲ. ಅದಕ್ಕೆ ನೈಸರ್ಗಿಕ ಭಿನ್ನತೆಯನ್ನೇ ನೋಡಬೇಕು. ನೋಡಿದಾಗ ಒಂದು ಗಮನಾರ್ಹ ಸಂಗತಿ ಹೊರಬೀಳುತ್ತದೆ: ನೈಸರ್ಗಿಕ ಭೇದಗಳಲ್ಲಿ ಹಲವು, ಎಲ್ಲರನ್ನೂ ನಿರಾಕರಿಸುವ ಭೇದಗಳಲ್ಲ, ಆರಿಸಿಕೊಳ್ಳುವ ಭೇದಗಳು. ಅಫ್ಘಾನ್ ಬಟಾಣಿ ಒಂದು ಉದಾಹರಣೆ. ಸೋಯಾ ಅವರೆಯಲ್ಲಿ ೧೯೬೬ರಲ್ಲಿ ಕಾಲ್ಡ್‌ವೆಲ್ ವರ್ಣಿಸಿದ 'ಆರ್‌ಜೆ ೨' ಎಂಬ ವಂಶವಾಹಿ ಕೆಲವು ಬ್ಯಾಕ್ಟೀರಿಯಗಳನ್ನು ಮಾತ್ರ ತಡೆಯುತ್ತದೆ. ಅದು ರೋಗನಿರೋಧಕ ವಂಶವಾಹಿಗಳ ಕುಟುಂಬಕ್ಕೇ ಸೇರಿದುದೆಂದು ೨೦೧೦ರಲ್ಲಿ ತಿಳಿದುಬಂದಿತು. ಮೆಡಿಕಾಗೊ ಎಂಬ ಸಸ್ಯದ ಎರಡು ನೈಸರ್ಗಿಕ ತಳಿಗಳಲ್ಲಿ ಒಂದು ಬ್ಯಾಕ್ಟೀರಿಯದ ಗಂಟು ಫಲಿಸಿದರೆ, ಇನ್ನೊಂದರಲ್ಲಿ ಅದೇ ಬ್ಯಾಕ್ಟೀರಿಯ ಗಂಟಿನೊಳಗೆ ಸೇರಿದ ಮೇಲೂ ನಾಶವಾಗುತ್ತದೆ. ಸಸ್ಯವೇ ಗಂಟಿನೊಳಕ್ಕೆ ಸ್ರವಿಸುವ ಸಣ್ಣ ಪ್ರೋಟೀನುಗಳು ಇದಕ್ಕೆ ಕಾರಣವೆಂದು ೨೦೧೭ರಲ್ಲಿ ಪ್ರಕಟವಾಯಿತು. ಬಾಗಿಲಲ್ಲಿ ಒಂದು ಪರೀಕ್ಷೆ, ಮನೆಯೊಳಗೆ ಇನ್ನೊಂದು ಪರೀಕ್ಷೆ. ಅತಿಥಿಗೂ ಶತ್ರುವಿಗೂ ಒಂದೇ ಬಾಗಿಲಾದಾಗ ಇಷ್ಟು ಎಚ್ಚರ ಸಹಜವೇ.

೬

ಇದೆಲ್ಲ ಪಂಡಿತರ ಚರ್ಚೆಯ ವಿಷಯ, ಇದರಿಂದ ಲೋಕಕ್ಕೇನು ಎಂದು ಕೇಳಬಹುದು. ಕಾರ್ಖಾನೆಯಲ್ಲಿ ಅಮೋನಿಯ ತಯಾರಿಸುವ ಹೇಬರ್ ಮತ್ತು ಬಾಷ್ ವಿಧಾನ ಜರ್ಮನಿಯಲ್ಲಿ ೧೯೧೩ರಲ್ಲಿ ಕಾರ್ಯಾರಂಭ ಮಾಡಿದ ಮೇಲೆ, ಸಾರಜನಕ ಗೊಬ್ಬರ ಕ್ರಮೇಣ ಸುಲಭವಾಗಿ ದೊರೆಯತೊಡಗಿತು. ಮಣ್ಣಿನಲ್ಲಿ ನೈಟ್ರೇಟು ಹೆಚ್ಚಾಗಿದ್ದರೆ ಸಸ್ಯ ಗಂಟು ಕಟ್ಟುವುದನ್ನೇ ಕಡಮೆ ಮಾಡುತ್ತದೆ. ಗಂಟಿಲ್ಲದ ಗಿಡವೂ ಅಲ್ಲಿ ಹಸುರಾಗಿಯೇ ಇರುತ್ತದೆ. ಅದರ ಕೊರತೆ ಹಳದಿ ಎಲೆಯಾಗಿ ಕಾಣಬೇಕಾದರೆ ಮಣ್ಣು ಬಡವಾಗಿರಬೇಕು. ಆದುದರಿಂದ ಗೊಬ್ಬರ ಹಾಕಿದ ತಾಕುಗಳಲ್ಲಿ ಇಳುವರಿಯೊಂದನ್ನೇ ನೋಡಿ ತಳಿಗಳನ್ನು ಆರಿಸುವಾಗ, ಒಳ್ಳೆಯ ಸಂಗಾತಿಯನ್ನು ಆರಿಸಿಕೊಳ್ಳುವ ಗುಣ ಉಳಿಯಿತೋ ಅಳಿಯಿತೋ ತಿಳಿಯುವುದಿಲ್ಲ. ೨೦೦೭ರಲ್ಲಿ ಕೀರ್ಸ್ ಮತ್ತು ಸಂಗಡಿಗರು, ಸುಮಾರು ಅರುವತ್ತು ವರ್ಷಗಳ ಅವಧಿಯಲ್ಲಿ ಬಂದ ಆರು ಸೋಯಾ ತಳಿಗಳನ್ನು, ಒಳ್ಳೆಯ ಮತ್ತು ನಿಷ್ಪ್ರಯೋಜಕ ಬ್ಯಾಕ್ಟೀರಿಯಗಳ ಮಿಶ್ರಣವನ್ನು ಕೊಟ್ಟು ಹೋಲಿಸಿದರು. ನಿಷ್ಪ್ರಯೋಜಕಗಳಿಂದಾಗುವ ನಷ್ಟವನ್ನು ತಡೆದುಕೊಳ್ಳುವುದರಲ್ಲಿ ಹಳೆಯ ತಳಿಗಳು ಹೊಸವುಗಳಿಗಿಂತ ಮೇಲಾಗಿದ್ದವು. ಆರು ತಳಿಗಳಿಂದ ಸಾರ್ವತ್ರಿಕ ನಿಯಮವನ್ನು ಎಳೆಯುವುದು ಆತುರವಾದೀತು. ಆದರೆ ಪ್ರಶ್ನೆಯನ್ನು ಅಲಕ್ಷಿಸುವುದು ಅದಕ್ಕಿಂತ ದೊಡ್ಡ ಆತುರ. ಗಂಟನ್ನು ನೋಡಬೇಕಾದರೆ ಗಿಡವನ್ನೇ ಕೀಳಬೇಕು. ಆದುದರಿಂದ ಹೂವಿನ ಬಣ್ಣ, ಬೀಜದ ತೂಕಗಳಂತೆ ಈ ಗುಣ ಸುಲಭವಾಗಿ ದಾಖಲೆಗೆ ಬರುವುದಿಲ್ಲ. ದಾಖಲೆಗೆ ಬಾರದುದು ಕಳೆದುಹೋದರೂ ಯಾರಿಗೂ ತಿಳಿಯದು.

ಅಪವಾದವೆಲ್ಲ ಅರ್ಥಪೂರ್ಣವೇ ಎಂಬ ಪ್ರಶ್ನೆ ಉಳಿಯುತ್ತದೆ. ಇಲ್ಲವೆಂದೇ ಹೇಳಬೇಕು. ಮಣ್ಣಿನ ಹುಳಿ, ಅನಾವೃಷ್ಟಿ, ಬೇಗೆ, ಬ್ಯಾಕ್ಟೀರಿಯದ ನಿಜವಾದ ಅಭಾವ ಇವುಗಳಿಂದಲೂ ಗಂಟು ತಪ್ಪುತ್ತದೆ. ಇಲ್ಲಿ ಗ್ರಂಥಸಂಪಾದನೆಯ ಶಿಸ್ತು ನಮಗೆ ದಾರಿ ತೋರಬಲ್ಲುದು. ಓಲೆಗರಿಗಳಲ್ಲಿ ಕಾಣುವ ಭೇದಗಳಲ್ಲಿ ಕೆಲವು ಲಿಪಿಕಾರನ ಕೈತಪ್ಪು. ಕೆಲವು ನಿಜವಾದ ಪಾಠಾಂತರ. ಒಂದು ಪ್ರತಿಯಲ್ಲಿ ಮಾತ್ರ ಕಂಡು, ಅದರಿಂದ ಇಳಿದ ಪ್ರತಿಗಳಲ್ಲಿ ಕಾಣದೆ ಹೋದರೆ ಆ ಭೇದಕ್ಕೆ ಬೆಲೆ ಕಡಮೆ. ಪ್ರತಿಯಿಂದ ಪ್ರತಿಗೆ ಇಳಿದುಬಂದಿದ್ದರೆ ಅದರ ಹಿಂದೆ ಒಂದು ಪರಂಪರೆಯಿದೆ ಎಂದರ್ಥ. ನಟ್‌ಮನ್ ಮಾಡಿದ್ದೂ ಇದೇ ಪರೀಕ್ಷೆ: ಬ್ಯಾಕ್ಟೀರಿಯ ಅದೇ, ಪರಿಸ್ಥಿತಿ ಅದೇ, ಆದರೂ ಸಂತತಿಯಲ್ಲಿ ಭೇದ ಮರುಕಳಿಸುತ್ತದೆಯೇ? ಮರುಕಳಿಸಿದರೆ ಅದನ್ನು ದೋಷವೆಂದು ಕರೆಯುವ ಅಧಿಕಾರ ನಮಗಿಲ್ಲ. ಸಂಪಾದಕನು ಒಪ್ಪಿದ ಪಾಠವನ್ನು ಮೇಲೆ ಅಚ್ಚುಹಾಕಿ ಪಾಠಾಂತರಗಳನ್ನು ಕೆಳಗೆ ಕೊಡುತ್ತಾನೆ, ಎಸೆಯುವುದಿಲ್ಲ. ಮುಂದೊಬ್ಬನಿಗೆ ಅದರಿಂದಲೇ ಮೂಲಪಾಠ ಹೊಳೆಯಬಹುದು.

ನಮ್ಮ ಕಾಲೇಜುಗಳಲ್ಲಿ ಈ ವಿಷಯವನ್ನು ಬೋಧಿಸುವಾಗ ೧೮೮೬ ಮತ್ತು ೧೮೮೮ರ ಪಕ್ಕದಲ್ಲಿ ೧೯೪೯ಕ್ಕೂ ಸ್ಥಾನ ದೊರೆಯಬೇಕು. ಬ್ಯಾಕ್ಟೀರಿಯವನ್ನು ಕಂಡುಹಿಡಿದುದು ಚರಿತ್ರೆಯ ಪೂರ್ವಾರ್ಧ. ಸಸ್ಯವೂ ವ್ಯಕ್ತಿವ್ಯಕ್ತಿಗೆ ಭಿನ್ನವಾಗಿ, ತನ್ನ ಸ್ವಭಾವಕ್ಕೆ ತಕ್ಕಂತೆ ಒಪ್ಪುತ್ತದೆ ಅಥವಾ ನಿರಾಕರಿಸುತ್ತದೆ ಎಂಬುದು ಉತ್ತರಾರ್ಧ. ವಿದ್ಯಾರ್ಥಿಗಳು ಪ್ರಯೋಗದಲ್ಲಿ ಹತ್ತು ಗಿಡಗಳನ್ನು ಕಿತ್ತು, ಒಂಬತ್ತರಲ್ಲಿ ಗಂಟು ಕಂಡು, ಹತ್ತನೆಯದರಲ್ಲಿ ಕಾಣದಿದ್ದಾಗ, ಸರಾಸರಿಯನ್ನು ಬರೆಯುವ ಮುನ್ನ ಆ ಹತ್ತನೆಯ ಗಿಡವನ್ನು ಕುರಿತು ಒಂದು ಸಾಲನ್ನಾದರೂ ಬರೆದಿಡುವಂತೆ ಅಧ್ಯಾಪಕರು ತಿಳಿಸಿದರೆ, ಈ ಚರಿತ್ರೆಯಿಂದ ಕಲಿಯಬೇಕಾದ ಪಾಠವನ್ನು ಕಲಿತಂತೆ ಆಗುತ್ತದೆ.